ಬಿಡುಮಾತು

ನಮ್ಮ ಊರಿನ ವಿಮಾನ ನಿಲ್ದಾಣದ ತಪಾಸಣೆ ಕಟ್ಟೆಯಲ್ಲಿ ನಿಮ್ಮ ಮುಖವನ್ನು ಯಾರೂ ನೋಡುವುದಿಲ್ಲ. ಫೋಟೊ ಅಂಟಿಸಿದ ಕಾಗದ, ಮೊಹರು, ಹುಟ್ಟಿದ ತಾರೀಕು, ಇವೆಲ್ಲ ಬೇರೆ ಊರಿನವರ ರೂಢಿ. ನಮ್ಮಲ್ಲಿ ಕೆಲಸದ ಜಾಗದಲ್ಲಿ ಕೊಟ್ಟ ಬ್ಯಾಡ್ಜನ್ನು ಕೊರಳಿನಿಂದ ತೆಗೆದು ಅಲ್ಲಿರುವ ಹಿತ್ತಾಳೆ ತಟ್ಟೆಯ ಮೇಲೆ ಇಡಬೇಕು. ಇಟ್ಟ ಕೂಡಲೇ ಬ್ಯಾಡ್ಜು ಮಾತಾಡುತ್ತದೆ. ಕೆಲಸದ ಜಾಗದಲ್ಲಿ ನೀವು ಕೊನೆಗೆ ಆಡಿದ ಮಾತು ಯಾವುದೋ ಅದನ್ನೇ, ನಿಮ್ಮದೇ ದನಿಯಲ್ಲಿ, ಸಾಲಿನಲ್ಲಿ ನಿಂತ ಅಷ್ಟೂ ಜನಕ್ಕೆ ಕೇಳುವಂತೆ ಹೇಳುತ್ತದೆ. ಆಮೇಲೆ ನೀವು ಅದೇ ಮಾತನ್ನು ಬಾಯಿಬಿಟ್ಟು ಇನ್ನೊಮ್ಮೆ ಹೇಳಬೇಕು. ಎರಡು ದನಿಯೂ ಹೊಂದಿದರೆ ಹಸಿರು ದೀಪ ಹತ್ತುತ್ತದೆ. ನೀವು ನೀವೇ ಎಂದಾಯಿತು, ಹೋಗಬಹುದು.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಪ್ರಯಾಣ ಇರುವವರು ಕೆಲಸ ಮುಗಿಸಿ ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಒಳ್ಳೆಯ ಮಾತಾಡಿ, ತುಟಿ ಬಿಗಿದುಕೊಂಡು ಹೊಸಿಲು ದಾಟುತ್ತಾರೆ. ಅದಕ್ಕೆ ಬಿಡುಮಾತು ಅಂತ ಹೆಸರು. ಬ್ಯಾಂಕಿನವರದು ಸಾಮಾನ್ಯವಾಗಿ 'ಎಲ್ಲರಿಗೂ ಒಳ್ಳೇದಾಗಲಿ' ಇರುತ್ತದೆ, ಮೇಷ್ಟ್ರುಗಳದು ಸ್ವಲ್ಪ ಉದ್ದ. ಬಿಡುಮಾತು ಮರೆತು ಬಂದವರ ಕತೆಗಳು ಊರ ತುಂಬ ಓಡಾಡುತ್ತವೆ. ಹಲ್ಲಿನ ಡಾಕ್ಟರೊಬ್ಬರ ಬ್ಯಾಡ್ಜು 'ದೊಡ್ಡದಾಗಿ ಬಾಯಿ ಬಿಡಿ' ಎಂದದ್ದಕ್ಕೆ ತಪಾಸಣೆಯವನು ಬಾಯಿ ತೆರೆದನಂತೆ. ಕಂಡಕ್ಟರ್ ಚನ್ನಬಸವಯ್ಯನ ಬ್ಯಾಡ್ಜು 'ಹಿಂದಕ್ಕೆ ಸರೀರಿ, ಹಿಂದಕ್ಕೆ' ಎಂದು ಗದರಿದಾಗ ಸಾಲಿಗೆ ಸಾಲೇ ನಾಲ್ಕು ಹೆಜ್ಜೆ ಹಿಂದೆ ಹೋಯಿತಂತೆ. ಕಚೇರಿಯ ಗುಮಾಸ್ತನೊಬ್ಬ ಸಾಹೇಬರನ್ನು ಬೈದುಕೊಂಡು ಹೊರಬಿದ್ದು, ಮರುದಿನ ಸಾಲಿನಲ್ಲಿ ತಿರುಗಿ ನೋಡಿದರೆ ಹಿಂದೆ ಸಾಹೇಬರೇ ನಿಂತಿದ್ದರಂತೆ. ಇವನ್ನೆಲ್ಲ ಕೇಳಿ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕವಳೇ.

ನನ್ನ ಹೆಸರು ನಾಗವೇಣಿ. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸ. ದಿಂಬಿನ ಚೀಲ, ಹಾಸಿಗೆ ಬಟ್ಟೆ, ಅತಿಥಿಗಳ ಅಂಗಿ, ಬೆಳಿಗ್ಗೆ ಆರಕ್ಕೆ ನಿಂತರೆ ಸಂಜೆ ತನಕ ಕಾಲು ಬೇರೆಯವರದೇನೋ ಅನ್ನಿಸುವ ಹಾಗೆ ನಿಂತಿರುತ್ತೇನೆ. ಮಗಳು ಕುಮುದಳಿಗೆ ಈಗ ಒಂಬತ್ತೂವರೆ. ನಾಲ್ಕನೇ ವಯಸ್ಸಿನಲ್ಲಿ ಬಂದ ಒಂದು ಜ್ವರ ಹೋಗುವಾಗ ಅವಳ ಎರಡು ಕಿವಿಯನ್ನೂ ಒಯ್ದುಬಿಟ್ಟಿತು. ಮರುವರ್ಷ ಅವಳಪ್ಪನೂ ಹೋದ, ಅವನು ಹೋದದ್ದು ಬೇರೆ ಕಾರಣಕ್ಕೆ, ಅದು ಇಲ್ಲಿ ಬೇಡ. ಮಾತು ಕಲಿತ ಮೇಲೆ ಕಿವಿ ಹೋದದ್ದರಿಂದ ಅವಳಿಗೆ ಮಾತು ಬರುತ್ತದೆ, ಆದರೆ ತನ್ನ ದನಿ ತನಗೇ ಕೇಳದೆ ವರ್ಷದಿಂದ ವರ್ಷಕ್ಕೆ ಅದು ಆಕಾರ ಕಳೆದುಕೊಂಡಿತು. ಗಂಟಲಿನ ತಳದಿಂದ, ದೊಡ್ಡದಾಗಿ, ಅಂಚಿಲ್ಲದೆ ಬರುತ್ತದೆ. ಬೇರೆಯವರ ಮಾತನ್ನು ಅವಳು ತುಟಿ ನೋಡಿ ಓದುತ್ತಾಳೆ. ಅವಳ ಜೊತೆ ಮಾತಾಡುವಾಗ ದನಿ ತೆಗೆಯುವ ಅಭ್ಯಾಸವೇ ನನಗೆ ತಪ್ಪಿಹೋಗಿದೆ. ತುಟಿ ಅಲ್ಲಾಡಿಸಿದರೆ ಸಾಕು, ಅವಳಿಗೆ ತಿಳಿಯುತ್ತದೆ. ದಣಿದು ಮನೆಗೆ ಬಂದಾಗ ಅದೂ ಒಂದು ಉಪಕಾರವೇ.

ದೂರದ ನಗರವೊಂದರ ಆಸ್ಪತ್ರೆಯಲ್ಲಿ ಕಿವಿಯ ಒಳಗೆ ಯಂತ್ರ ಕೂರಿಸುತ್ತಾರೆ. ಎರಡು ವರ್ಷ ಕಾದ ಮೇಲೆ ಕುಮುದಳ ಸರದಿ ಬಂತು. ಶುಕ್ರವಾರ ಬೆಳಿಗ್ಗೆ ಆಪರೇಷನ್. ತಪ್ಪಿದರೆ ಪಟ್ಟಿಯ ಬಾಲಕ್ಕೆ ಹೋಗಬೇಕು, ಮತ್ತೆ ಎರಡು ವರ್ಷ. 'ಹತ್ತು ದಾಟಿದ ಮೇಲೆ ಮಾಡಿದರೆ ಅಷ್ಟಕ್ಕಷ್ಟೇ ಅಮ್ಮ' ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಮ್ಮ ಊರಿನಿಂದ ಅಲ್ಲಿಗೆ ರಸ್ತೆಯಿಲ್ಲ. ವಾರಕ್ಕೊಂದು ವಿಮಾನ, ಗುರುವಾರ ಮೂರು ಗಂಟೆಗೆ.

ಆ ಗುರುವಾರ ಮಧ್ಯಾಹ್ನದವರೆಗೆ ಕೆಲಸ ಮಾಡಿ ಹೊರಡುವುದೆಂದು ಮೇಲ್ವಿಚಾರಕಿ ವಿಲಾಸಿನಿ ಮೇಡಂ ಜೊತೆ ಮಾತಾಗಿತ್ತು. ಪಕ್ಕದ ಮನೆಯ ಸಾವಂತ್ರಮ್ಮ ಹನ್ನೆರಡಕ್ಕೆ ಕುಮುದಳನ್ನು ಹಿಂದಿನ ಗೇಟಿಗೆ ತಂದು ಬಿಡಬೇಕು. ಲಾಂಡ್ರಿಯೊಳಗೆ ಕೆಲಸದವರ ಮಕ್ಕಳು ಬರುವ ಹಾಗಿಲ್ಲ. ಹೋದ ವರ್ಷ ಒಂದು ಮಗು ಉಗಿಯಂತ್ರಕ್ಕೆ ಕೈಯಿಟ್ಟು ಸುಟ್ಟುಕೊಂಡಿತ್ತು. ಅದಾದ ಮೇಲೂ ಎರಡು ಸಲ ಕುಮುದ ಒಳಗೆ ಬಂದಿದ್ದಳು. 'ಇನ್ನೊಂದ್ಸಲ ಕಂಡ್ರೆ ನಾಳೆಯಿಂದ ನೀನೂ ಬರ್ಬೇಡ' ಎಂದು ಮೇಡಂ ಹೇಳಿಯಾಗಿತ್ತು.

ಬೆಳಿಗ್ಗೆಯಿಂದ ಜುಬೇದಾ ನನ್ನನ್ನು ಬಿಟ್ಟಿರಲಿಲ್ಲ. ನನ್ನ ಪಕ್ಕದ ಮೇಜಿನವಳು, ಬಾಯಿಗೆ ಬಿಡುವೇ ಇಲ್ಲ. "ಏ ನಾಗವೇಣಿ, ಬಿಡುಮಾತು ಏನ್ ಮಾಡ್ಕೊಂಡಿದ್ದೀಯೇ? 'ಇಸ್ತ್ರಿ ಸುಡ್ತೈತೆ, ದೂರ ನಿಲ್ರಿ' ಅಂದ್ಗಿಂದೀಯ!"

"ಹೋಗೇ, ಹದಿನೈದು ದಿನದಿಂದ ಬಾಯಿಪಾಠ ಮಾಡಿದ್ದೀನಿ. 'ನನ್ನ ಮಗಳನ್ನ ಹರಸಿ, ಹೋಗಿ ಬರ್ತೀವಿ.'"

"ಯಾ ಅಲ್ಲಾ! ಇದನ್ನ ಕೇಳಿದ್ರೆ ತಪಾಸಣೆಯವ್ನು ಎದ್ನಿಂತು ಕೈ ಮುಗೀತಾನೆ. ನೋಡು, ನಾನು ಬಾಗಿಲಲ್ಲಿ ನಿಂತಿರ್ತೀನಿ, ನಂಗೆ ಹೇಳಿ ಹೋಗು. ಮರೀಬೇಡ."

ಹನ್ನೊಂದೂವರೆಗೆ ಹೋಟೆಲಿನ ಮುಖ್ಯ ಕಚೇರಿಯವರು ಮೂವರು ಲಾಂಡ್ರಿ ನೋಡಲು ಬಂದರು. ಅವರಲ್ಲಿ ಬೂದು ಬಣ್ಣದ ಸೂಟಿನವರು ಹಿರಿಯರು. ನನ್ನ ಮೇಜಿನ ಹತ್ತಿರ ನಿಂತು, ನಾನು ಮಡಿಸಿಟ್ಟ ಅಂಗಿಯ ಕಾಲರನ್ನು ಬೆರಳಲ್ಲಿ ಸವರಿ, "ಚೆನ್ನಾಗಿದೆ. ಎಷ್ಟು ವರ್ಷ ಆಯ್ತಮ್ಮ ಇಲ್ಲಿ?" ಎಂದರು. ಹನ್ನೊಂದು ವರ್ಷದಲ್ಲಿ ಅಂಥದ್ದೊಂದು ಮಾತು ನನಗೆ ಯಾರೂ ಆಡಿರಲಿಲ್ಲ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಿನ ಕಡೆಯಿಂದ ಆ ದನಿ ಬಂತು.

ಸಾವಂತ್ರಮ್ಮನಿಗೆ ಏನೋ ಅವಸರ, ಮಗುವನ್ನು ಮುಂಚೆಯೇ ತಂದು ಮುಂದಿನ ಬಾಗಿಲಲ್ಲಿ ಬಿಟ್ಟು ಹೋಗಿದ್ದಳು. ಹೊಸ ಹಳದಿ ಫ್ರಾಕು, ಹಣೆಗೆ ಇಳಿಯುತ್ತಿದ್ದ ಎಣ್ಣೆ, ಎದೆಗೆ ಅವುಚಿಕೊಂಡ ಬಟ್ಟೆಯ ಚೀಲ. ಯಂತ್ರಗಳ ಸಾಲಿನ ಆಚೆ ನಿಂತು ನನ್ನನ್ನು ಕಂಡು ಕೂಗುತ್ತಿದ್ದಳು. ಅವಳು ಕೂಗಿದ್ದು ಅಮ್ಮ ಅಂತ. ಅದು ಅಮ್ಮ ಎಂಬ ಮಾತು ಎಂದು ನನಗಲ್ಲದೆ ಬೇರೆಯವರಿಗೆ ತಿಳಿಯುವುದಿಲ್ಲ. ಮೂವರೂ ಬೆಚ್ಚಿ ತಿರುಗಿದರು. ಬೂದು ಸೂಟಿನವರ ಮುಖದಲ್ಲಿ ಏನೋ ಕಹಿ ನುಂಗಿದಂಥ ಗೆರೆ ಮೂಡಿತು. "ಏನದು? ಯಾರ ಮಗು?" ಎಂದು ನನ್ನನ್ನೇ ಕೇಳಿದರು.

ಕೆಲಸ ಹೋಗುತ್ತದೆ ಎಂಬ ಹೆದರಿಕೆಯಿಂದ ಹಾಗೆ ಹೇಳಿದೆ ಎಂದು ಜುಬೇದಾಳ ಹತ್ತಿರ ಆಮೇಲೆ ಹೇಳಿಕೊಂಡಿದ್ದೇನೆ. ಅವಳು ಒಪ್ಪಿಕೊಂಡಳು. ಹೆದರಿಕೆ ಇದ್ದದ್ದು ನಿಜ. ಆದರೆ ಆ ಗಳಿಗೆಯಲ್ಲಿ ಮೇಡಂ ಕೊಟ್ಟ ಎಚ್ಚರಿಕೆ ನನ್ನ ತಲೆಯಲ್ಲಿ ಇರಲೇ ಇಲ್ಲ. ತಲೆಯಲ್ಲಿ ಇದ್ದದ್ದು ಆ ದನಿ ಒಂದೇ. ಈಗ ತಾನೇ ನನ್ನ ಕಾಲರನ್ನು ಮೆಚ್ಚಿದ ಮನುಷ್ಯ ಆ ದನಿಯನ್ನೂ ನನ್ನನ್ನೂ ಒಟ್ಟಿಗೆ ಇಟ್ಟು ನೋಡುತ್ತಾನಲ್ಲ ಎಂದು ನಾಚಿಕೆಯಾಯಿತು. ನಾನು ಕುಮುದಳಿಗೆ ಬೆನ್ನು ತಿರುಗಿಸಿದೆ, ತುಟಿ ಕಾಣಬಾರದೆಂದು. ಬಟ್ಟೆ ಒಣಗಿಸುವ ಯಂತ್ರಗಳ ಕಡೆ ಮುಖ ಮಾಡಿ, ಅವರಿಗೆ ಹೇಳಿದೆ. "ಗೊತ್ತಿಲ್ಲ ಸರ್, ಯಾರದೋ ಮಗು. ಹೊರಗೆ ಬಿಟ್ಟು ಬರ್ತೀನಿ."

ಅವರ ಹಿಂದೆಯೇ ನಿಂತಿದ್ದ ವಿಲಾಸಿನಿ ಮೇಡಂಗೆ ಕುಮುದ ಯಾರೆಂದು ಚೆನ್ನಾಗಿ ಗೊತ್ತು. ಆದರೂ ಇಸ್ತ್ರಿ ಮೇಜಿನ ಬಟ್ಟೆಯನ್ನೇ ನೋಡುತ್ತಾ, ಹೋಗು ಎಂದು ಕೈಸನ್ನೆ ಮಾಡಿದರು. ನಾನು ಮಗುವಿನ ರಟ್ಟೆ ಹಿಡಿದು ಹಿಂದಿನ ಓಣಿಯಿಂದ ಹೊರಟೆ. ಜುಬೇದಾ ನಿಂತಿರುತ್ತೇನೆ ಎಂದಿದ್ದ ಬಾಗಿಲು ಇನ್ನೊಂದು ಕಡೆ ಉಳಿಯಿತು. ಓಣಿಯ ಕೊನೆಯಲ್ಲಿ, ಚಪ್ಪಲಿ ಮೆಟ್ಟುವಾಗ, ಕುಮುದಳ ಮುಖಕ್ಕೆ ಬಾಗಿ, "ಹೋಗೋಣ ನಡಿ ಬಂಗಾರ, ವಿಮಾನ ಹತ್ತೋಣ" ಅಂದೆ. ಹೇಳಿ, ಸಮಾಧಾನವಾಗಿ ಹೊಸಿಲು ದಾಟಿದೆ. ಬಾಯಿಪಾಠ ಮಾಡಿದ್ದು ಹೋಯಿತು, ಹೋಗಲಿ, ಇದೇನು ಕಮ್ಮಿ ಒಳ್ಳೆಯ ಬಿಡುಮಾತೇ ಅಂದುಕೊಂಡೆ. ಬಸ್ಸಿನಲ್ಲಿ ಒಂದೂಕಾಲು ಗಂಟೆ ಅದೇ ನೆಮ್ಮದಿಯಲ್ಲಿ ಕುಳಿತಿದ್ದೆ. ಕುಮುದ ಕಿಟಕಿಯ ಕಡೆ ತಿರುಗಿ ಕುಳಿತವಳು ಒಮ್ಮೆಯೂ ಈಚೆ ತಿರುಗಲಿಲ್ಲ. ಹೊಸ ದಾರಿ, ನೋಡುತ್ತಿದ್ದಾಳೆ ಎಂದುಕೊಂಡೆ.

ನಿಲ್ದಾಣದಲ್ಲಿ ಉದ್ದ ಸಾಲು. ನಮ್ಮ ಮುಂದೆ ದನದ ಡಾಕ್ಟರೊಬ್ಬರಿದ್ದರು. ಹಿಂದೆ ನಿವೃತ್ತಿಯಾದ ಟೀಚರು, ಹೆಸರು ಅಹಲ್ಯಾಬಾಯಿ ಎಂದು ತಾವೇ ಹೇಳಿಕೊಂಡರು. ನಿವೃತ್ತರ ಬ್ಯಾಡ್ಜಿನಲ್ಲಿ ಕೆಲಸದ ಕೊನೆಯ ದಿನದ ಮಾತು ಹಾಗೇ ಉಳಿದುಬಿಡುತ್ತದೆ. "ನಂದು ಎಂಟು ವರ್ಷದಿಂದ ಅದೇ ಮಾತು ಕಣಮ್ಮ, 'ಕಿಟಕಿ ಹಾಕ್ರೋ, ಮಳೆ ಬಂತು.' ಸನ್ಮಾನದ ಭಾಷಣವನ್ನೆಲ್ಲ ಚೆಂದಾಗೇ ಮಾಡಿದ್ದೆ. ಕೊನೇಲಿ ಮಳೆ ಬಂದು ಕೆಡಿಸ್ತು," ಎಂದು ನಕ್ಕರು. "ನಿಂದು ಏನು?"

"ಹೋಗೋಣ ನಡಿ ಬಂಗಾರ, ಅಂತ."

"ಮುದ್ದಾಗಿದೆ. ಒಂದ್ಸಲ ಹೇಳು ನೋಡೋಣ. ಕೆಲವರಿಗೆ ಇಲ್ಲಿ ಬಂದು ದನಿಯೇ ಹೊರಡಲ್ಲ."

ಹೇಳಲು ತುಟಿ ತೆರೆದಾಗ ನೆನಪಾಯಿತು. ಓಣಿಯಲ್ಲಿ ನಾನು ದನಿ ತೆಗೆದಿರಲಿಲ್ಲ. ಕುಮುದಳಿಗೆ ಹೇಳುವ ಎಲ್ಲ ಮಾತಿನ ಹಾಗೆ ಅದನ್ನೂ ಬರಿಯ ತುಟಿಯಲ್ಲಿ ಹೇಳಿದ್ದೆ. ಬ್ಯಾಡ್ಜಿಗೆ ತುಟಿ ಓದಲು ಬರುವುದಿಲ್ಲ. ಹಾಗಾದರೆ ಅದರಲ್ಲಿ ಇರುವುದು ಯಾವ ಮಾತು ಎಂದು ಹಿಂದಕ್ಕೆ ಹುಡುಕಿದೆ. ಹುಡುಕುವ ಅಗತ್ಯವೇ ಇರಲಿಲ್ಲ, ಗೊತ್ತಿತ್ತು. ಗಡಿಯಾರ ನೋಡಿದೆ, ಎರಡು ಹದಿನೈದು. ಲಾಂಡ್ರಿಗೆ ಹೋಗಿ ಬರಲು ಎರಡೂವರೆ ಗಂಟೆ ಬೇಕು.

ದನದ ಡಾಕ್ಟರ ಬ್ಯಾಡ್ಜು ತಟ್ಟೆಯ ಮೇಲೆ ಕೂತು "ಗಟ್ಟಿಯಾಗಿ ಹಿಡ್ಕೊಳ್ರಯ್ಯ, ಒದೀತದೆ!" ಎಂದು ಕಿರುಚಿತು. ಸಾಲೆಲ್ಲ ನಕ್ಕಿತು. ಡಾಕ್ಟರೂ ನಗುತ್ತಾ ಅದನ್ನೇ ಹೇಳಿ ಹೋದರು. ನಮ್ಮ ಸರದಿ ಬಂತು. ಕಟ್ಟೆಯ ಹಿಂದೆ ದಪ್ಪ ಮೀಸೆಯ ದೊರೆಸ್ವಾಮಿ ಎಂಬ ಅಧಿಕಾರಿ ಕುಳಿತಿದ್ದರು, ಹೆಸರು ಎದೆಯ ಮೇಲೇ ಇತ್ತು. ಕುಮುದ ಬ್ಯಾಡ್ಜಿನ ದನಿಯನ್ನು ಕೇಳಲಾರಳು ಎಂಬುದೊಂದೇ ನನಗಿದ್ದ ಧೈರ್ಯ. ಮಗಳ ಕಿವುಡಿಗೆ ನಾನು ದೇವರನ್ನು ನೆನೆದು ಸಮಾಧಾನಪಟ್ಟದ್ದು ಜೀವನದಲ್ಲಿ ಅದೊಂದೇ ಸಲ. ಅದನ್ನು ಸರಿಮಾಡಿಸಲು ಹೊರಟ ದಿನವೇ.

ಬ್ಯಾಡ್ಜು ಇಟ್ಟೆ. "ಗೊತ್ತಿಲ್ಲ ಸರ್, ಯಾರದೋ ಮಗು. ಹೊರಗೆ ಬಿಟ್ಟು ಬರ್ತೀನಿ." ಎಷ್ಟು ಸಲೀಸಾದ ದನಿ. ಒಂದಿಷ್ಟೂ ನಡುಕವಿಲ್ಲ, ಮೇಲಿಂದ ಸ್ವಲ್ಪ ನಯ. ನಗಲು ತಯಾರಾಗಿದ್ದ ಸಾಲು ಅರ್ಧ ನಕ್ಕು ನಿಲ್ಲಿಸಿತು, ಯಾಕೆಂದರೆ ನನ್ನ ಕೈಯಲ್ಲಿ ಮಗುವಿನ ಕೈ ಇತ್ತು.

ದೊರೆಸ್ವಾಮಿ ತಲೆಯೆತ್ತಿದರು. "ಹೇಳಿ."

"ಸಾರ್, ಬೇರೆ ಏನಾದ್ರೂ ಹೇಳ್ಬಹುದಾ?"

"ಬೇರೆ ಹೇಳಿದ್ರೆ ಹೆಂಗಮ್ಮ ಹೊಂದೋದು? ಅದೇ ಹೇಳ್ಬೇಕು. ಬೇಗ, ಹಿಂದೆ ಜನ ಇದಾರೆ."

ಸೆರಗನ್ನು ಬಾಯಿಗೆ ಅಡ್ಡ ಹಿಡಿದೆ. "ಸೆರಗು ತೆಗೀರಿ, ದನಿ ಮಬ್ಬಾಗುತ್ತೆ." ಮುಖ ಆಚೆ ತಿರುಗಿಸಿದೆ. "ಇತ್ಲಾಗೆ, ತಟ್ಟೆ ಕಡೆ." ತಟ್ಟೆಯ ಕಡೆ ಕುಮುದ ನಿಂತಿದ್ದಳು. ಹಿತ್ತಾಳೆಯ ಅಂಚಿಗೆ ಗಲ್ಲ ತಾಗುವಷ್ಟು ಎತ್ತರ. ನಾನು ಏನೋ ಹೇಳಲಿದ್ದೇನೆ ಎಂದು ಗೊತ್ತಾಗಿ, ಎಂದಿನಂತೆ ನನ್ನ ತುಟಿಗೆ ಕಣ್ಣಿಟ್ಟಳು. ಶುಕ್ರವಾರದ ಆಪರೇಷನ್ನು ನೆನೆಸಿಕೊಂಡೆ. ಹೇಳಿದೆ. ಹೇಳುವಾಗ ಅವಳನ್ನು ನೋಡದೆ ಇರಲು ಆಗಲಿಲ್ಲ. ಅವಳ ತುಟಿಯೂ ನನ್ನ ಮಾತಿನ ಹಿಂದೆಯೇ ಸಣ್ಣಗೆ ಅಲ್ಲಾಡಿತು, ಪಾಠ ಒಪ್ಪಿಸುವವರ ಹಾಗೆ.

ಹಸಿರು ದೀಪ ಹತ್ತಿತು.

"ಸರಿ, ನೀವು ನೀವೇ," ಎಂದರು ದೊರೆಸ್ವಾಮಿ. ಆದರೆ ಬ್ಯಾಡ್ಜಿನ ಮೇಲೆ ಇಟ್ಟ ಕೈ ತೆಗೆಯಲಿಲ್ಲ. "ಈಗ ಈ ಮಗು ಯಾರದು?"

"ನಂದೇ ಸಾರ್. ನನ್ನ ಮಗಳು."

"ಬ್ಯಾಡ್ಜು ಯಾರದೋ ಅಂತಿದೆ. ನೀವೂ ಈಗ ನನ್ನೆದುರೇ ಯಾರದೋ ಅಂದ್ರಿ. ದೀಪಾನೂ ಹತ್ತಿದೆ. ಮಕ್ಕಳು ಅಪ್ಪ ಅಮ್ಮನ ಬ್ಯಾಡ್ಜಿನ ಮೇಲೆ ಹೋಗೋದು. ಯಾರದೋ ಮಗೂನ ಹೆಂಗ್ ಬಿಡ್ಲಿ ನಾನು?"

ಮಗಳ ಆಪರೇಷನ್ನಿಗೆ ಹೊರಟಿದ್ದೇವೆ ಎಂದು ಆಸ್ಪತ್ರೆಯ ಪತ್ರ ತೋರಿಸಿದೆ. "ಕಾಗದ ಯಾರು ಬೇಕಾದ್ರೂ ಬರೀತಾರೆ." ಲಾಂಡ್ರಿಗೆ ಫೋನು ಮಾಡಿ ಕೇಳಿ ಎಂದೆ. "ಫೋನಿನ ದನಿ ಲೆಕ್ಕಕ್ಕಿಲ್ಲ." ಅಹಲ್ಯಾಬಾಯಿ ಹಿಂದಿನಿಂದ ಮುಂದೆ ಬಂದು, "ಮೂಗು ನೋಡ್ರಿ ಸ್ವಾಮಿ, ಇಬ್ರದೂ ಒಂದೇ ಅಚ್ಚು!" ಎಂದರು. "ಇಲ್ಲಿ ಮೂಗು ನೋಡಲ್ಲಮ್ಮ, ನಿಮಗೆ ಗೊತ್ತಲ್ಲ." ಆಗ ಟೀಚರು ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದರು. "ಯಾಕಮ್ಮ ಅಂದೆ ಹಾಗೆ?" ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಾಲಿನಲ್ಲಿ ಯಾರೋ ಹೆಂಗಸು ಪಕ್ಕದವಳಿಗೆ, "ಮಗೂಗೆ ಏನೋ ಐಬಿದೆ ಅಂತ ನಾಚ್ಕೆ ಇರ್ಬೇಕು" ಅಂದಳು. ಯಾರೋ ಅಪರಿಚಿತಳು, ಒಂದೇ ಏಟಿಗೆ, ಅಷ್ಟು ಸರಿಯಾಗಿ.

"ಮಗೂನೇ ಕೇಳ್ತೀನಿ," ಎಂದು ದೊರೆಸ್ವಾಮಿ ಕಟ್ಟೆಯ ಮೇಲೆ ಬಾಗಿದರು. "ಪುಟ್ಟಿ, ಇವರು ನಿನಗೆ ಏನಾಗ್ಬೇಕು?" ಕುಮುದ ಅವರ ಮೀಸೆಯನ್ನು ನೋಡಿದಳು. ಮೇಲಿನ ತುಟಿ ಮೀಸೆಯೊಳಗೆ, ಕೆಳಗಿನದು ಅರ್ಧ. ಅವಳಿಗೆ ಏನೂ ತಿಳಿಯಲಿಲ್ಲ. ನನ್ನ ಕಡೆ ನೋಡಿದಳು.

"ಅವಳಿಗೆ ಕಿವಿ ಕೇಳಲ್ಲ ಸಾರ್. ನನ್ನ ತುಟಿ ಮಾತ್ರ ಸರಿಯಾಗಿ ಓದ್ತಾಳೆ."

"ಹಾಗಾದ್ರೆ ನೀವೇ ಕೇಳಿ. ದನಿ ತೆಗ್ದು ಕೇಳಿ, ನಂಗೂ ಕೇಳಿಸ್ಬೇಕು. ಉತ್ತರ ಮಾತ್ರ ಹೇಳ್ಕೊಡ್ಬೇಡಿ."

ಮಂಡಿಯೂರಿದೆ. ಅವಳ ಮುಖಕ್ಕೆ ನನ್ನ ಮುಖ ಸಮ ಬಂತು. ಎಣ್ಣೆ ಹಣೆಯಿಂದ ಹುಬ್ಬಿಗೆ ಇಳಿದಿತ್ತು, ಒರೆಸಬೇಕು ಅನ್ನಿಸಿತು, ಮುಟ್ಟಲು ಧೈರ್ಯ ಬರಲಿಲ್ಲ. "ಕುಮುದಾ," ಎಂದೆ, ದನಿ ತೆಗೆದು. "ನಾನು ನಿಂಗೆ ಯಾರು ಅಂತ ಕೇಳ್ತಿದ್ದಾರೆ."

ಯಾವಾಗಲೂ ಪಟಪಟನೆ ಉತ್ತರ ಕೊಡುವ ಮಗು, ನನ್ನನ್ನು ಬಹಳ ಹೊತ್ತು ನೋಡಿದಳು. ಏನು ಹೇಳಿದರೂ ಸರಿಯೇ ಎಂದು ನನ್ನೊಳಗೆ ಯಾವುದೋ ಒಂದು ಮಣಿದು ಕೂತಿತು. ಗೊತ್ತಿಲ್ಲ, ಯಾರೋ ಹೆಂಗಸು ಎಂದು ಅವಳು ಹೇಳಿದ್ದರೆ ನಾನು ವಾದಿಸುತ್ತಿರಲಿಲ್ಲ. ಆಮೇಲೆ ಅವಳು ದೊರೆಸ್ವಾಮಿಯವರ ಕಡೆ ತಿರುಗಿ, ಆ ತನ್ನ ದೊಡ್ಡ ದನಿಯಲ್ಲಿ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದಳು. ಅಷ್ಟು ದೊಡ್ಡ ಹಜಾರದ ಮೂಲೆಯವರೆಗೂ ಕೇಳಿಸಿತು, ಎಲ್ಲರಿಗೂ ಅರ್ಥವಾಯಿತು.

"ಅಮ್ಮ. ಮನೇಲಿ ಅಮ್ಮ. ಕೆಲಸದಲ್ಲಿ ಅಲ್ಲ."

ದೊರೆಸ್ವಾಮಿ ಬ್ಯಾಡ್ಜನ್ನು ನೋಡಿದರು, ಮಗುವನ್ನು ನೋಡಿದರು. ಬೆರಳಲ್ಲಿ ಕಟ್ಟೆಯನ್ನು ಎರಡು ಸಲ ತಟ್ಟಿದರು. ಮೊದಲ ಬಾರಿಗೆ ಅವರ ದನಿ ಸಣ್ಣಗಾಗಿತ್ತು. "ಹೊಂದ್ತು," ಎಂದರು. "ಬ್ಯಾಡ್ಜು ಹೇಳೋದಕ್ಕೂ ಮಗು ಹೇಳೋದಕ್ಕೂ ವ್ಯತ್ಯಾಸ ಇಲ್ಲ. ಹೋಗಿ." ಬ್ಯಾಡ್ಜನ್ನು ನನ್ನ ಕಡೆ ದೂಡಿದರು. ನಾನು ಅದನ್ನು ಕೊರಳಿಗೆ ಹಾಕಿಕೊಳ್ಳದೆ ಚೀಲದ ತಳಕ್ಕೆ ತುರುಕಿದೆ.

ವಿಮಾನದಲ್ಲಿ ಅವಳಿಗೆ ಕಿಟಕಿಯ ಪಕ್ಕದ ಸೀಟು. ಬೆಲ್ಟು ಬಿಗಿದುಕೊಟ್ಟೆ, ಹುಬ್ಬಿನ ಎಣ್ಣೆ ಒರೆಸಿದೆ. ಬೇಡ ಅನ್ನಲಿಲ್ಲ. ಭುಜ ಮುಟ್ಟಿ ನನ್ನ ಕಡೆ ತಿರುಗಿಸಿಕೊಂಡು ಕೇಳಿದೆ. "ಆ ಸಾರ್ ಹತ್ರ ಹಾಗ್ಯಾಕೆ ಹೇಳ್ದೆ? ಈಗ ನನ್ನ ತುಟಿ ನೋಡಿ ಬೇಜಾರಾಯ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. "ಈಗ ಅಲ್ಲ. ಬೆಳಿಗ್ಗೆನೇ ನೋಡ್ದೆ."

"ನಾನು ಆ ಕಡೆ ತಿರುಗಿದ್ದೆನಲ್ಲ."

"ಬಟ್ಟೆ ಒಣಗ್ಸೋದರ ಬಾಗಿಲಲ್ಲಿ," ಎಂದಳು. "ಫಳಫಳ ಇರುತ್ತಲ್ಲ, ಅದ್ರಲ್ಲಿ. ನಿನ್ನ ಬಾಯಿ ಕಾಣ್ತಿತ್ತು." ದೂರು ಹೇಳುವ ಧಾಟಿ ಅದರಲ್ಲಿ ಇರಲಿಲ್ಲ. ಎಲ್ಲಿ ಕಂಡಿತು ಎಂದು ಕೇಳಿದ್ದಕ್ಕೆ ಎಲ್ಲಿ ಎಂದು ಹೇಳಿದಳು, ಅಷ್ಟೆ. ಬಸ್ಸಿನಲ್ಲಿ ಒಂದೂಕಾಲು ಗಂಟೆ ಅವಳು ಕಿಟಕಿಯ ಆಚೆ ನೋಡುತ್ತಿದ್ದದ್ದು ಹೊಸ ದಾರಿಯನ್ನಲ್ಲ.

ವಿಮಾನ ನೆಲ ಬಿಟ್ಟಿತು. ಬೇರೆ ಮಕ್ಕಳು ಕಿರುಚಿದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಈಗ ಹೇಳದಿದ್ದರೆ ಯಾವತ್ತೂ ಹೇಳಲಾರೆ ಎಂದುಕೊಂಡು, ಅವಳ ಎರಡು ಕೈಯನ್ನೂ ಹಿಡಿದುಕೊಂಡೆ. "ಕುಮುದಾ, ಬೆಳಿಗ್ಗೆ ನಾನು..."

ಅವಳು ಕಣ್ಣು ಮುಚ್ಚಿದಳು.

ನಾವೆಲ್ಲ ಬೇಡದ ಮಾತಿಗೆ ಕಿವಿ ಮುಚ್ಚಿಕೊಳ್ಳುತ್ತೇವಲ್ಲ, ಅವಳು ಮುಚ್ಚಿಕೊಳ್ಳುವುದು ಕಣ್ಣನ್ನು. ಕೈಯನ್ನು ನನ್ನಿಂದ ಬಿಡಿಸಿಕೊಳ್ಳಲಿಲ್ಲ. ನಿದ್ದೆ ಬಂದಿರಲಿಲ್ಲ, ರೆಪ್ಪೆ ಅದುರುತ್ತಿತ್ತು. ಆರಂಭಿಸಿದ ಮಾತು ಬಾಯಲ್ಲಿ ಹಾಗೇ ಉಳಿಯಿತು. ದನಿ ತೆಗೆದು ಹೇಳಿದರೂ ಅವಳಿಗೆ ಕೇಳದು, ತುಟಿಯಲ್ಲಿ ಹೇಳಿದರೂ ಕಾಣದು. ಎರಡು ಗಂಟೆಯ ದಾರಿ. ಗಗನಸಖಿ ಎರಡು ಸಲ ಬಂದು ನೀರು ಬೇಕೇ ಎಂದು ಕೇಳಿದಳು, ಬೇಡವೆಂದು ತಲೆಯಾಡಿಸಿದೆ. ಆ ಮಾತಿನ ಮೇಲೆ ಬೇರೆ ಯಾವ ಮಾತೂ ಬೀಳಬಾರದೆಂದು ಬಾಯಿ ಬಿಗಿದುಕೊಂಡು, ಮಗಳ ಕಡೆ ಮುಖ ತಿರುಗಿಸಿ, ಅವಳು ಯಾವಾಗ ಕಣ್ಣು ಬಿಟ್ಟರೂ ಎದುರಿಗೆ ನನ್ನ ತುಟಿಯೇ ಕಾಣುವ ಹಾಗೆ ಕುಳಿತಿದ್ದೆ.